ಕಾದಂಬರಿಗಾರ್ತಿ ಮತ್ತು ಆಕೆಯ ಪ್ರತಿನಿಧಿ: ಒಂದು ಪತ್ರವ್ಯವಹಾರದ ಚಾರಿತ್ರಿಕ ಮೌಲ್ಯ

ಚರಿತ್ರೆಯ ಆಧಾರಗಳನ್ನು ಕುರಿತು ತರಗತಿಯಲ್ಲಿ ಪಾಠ ಹೇಳುವಾಗ ನಾವು ಶಾಸನ, ತಾಮ್ರಪಟ, ಸರ್ಕಾರಿ ದಫ್ತರ ಇವುಗಳನ್ನು ಹೆಸರಿಸುತ್ತೇವೆ. ಆತ್ಮಕಥೆಗೂ ದಿನಚರಿಗೂ ಒಂದು ಸ್ಥಾನ ಕೊಡುತ್ತೇವೆ. ವ್ಯಾಪಾರದ ಪತ್ರಗಳನ್ನು ಮಾತ್ರ, ಅವು ಈಸ್ಟ್ ಇಂಡಿಯಾ ಕಂಪೆನಿಯವಲ್ಲದಿದ್ದರೆ, ಸಾಮಾನ್ಯವಾಗಿ ಮರೆಯುತ್ತೇವೆ. ಸಾಹಿತ್ಯಚರಿತ್ರೆಯಲ್ಲಂತೂ ಹಣದ ಮಾತನ್ನೆತ್ತುವುದೇ ಅರಸಿಕತನವೆಂಬ ಭಾವನೆ ಬಲವಾಗಿದೆ. ಈ ಉಪೇಕ್ಷೆಯಿಂದ ಆಗುವ ನಷ್ಟವೇನೆಂಬುದನ್ನು ಒಂದು ಉದಾಹರಣೆಯ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಇಂಗ್ಲೆಂಡಿನ ಪತ್ತೇದಾರಿ ಕಾದಂಬರಿಗಾರ್ತಿ ಅಗಾಥಾ ಕ್ರಿಸ್ಟಿಯ (1890–1976) ಹೆಸರು ವಾಚಕರಿಗೆ ಸುಪರಿಚಿತವಾದುದು. ಆಕೆಯ ಪುಸ್ತಕಗಳ ವ್ಯವಹಾರವನ್ನು ನೋಡಿಕೊಳ್ಳುತ್ತಿದ್ದವನು ಲಂಡನ್ನಿನ ಹ್ಯೂಸ್ ಮ್ಯಾಸಿ ಎಂಬ ಸಂಸ್ಥೆಯ ಎಡ್ಮಂಡ್ ಕಾರ್ಕ್. ಇವರಿಬ್ಬರ ಪತ್ರವ್ಯವಹಾರದಲ್ಲಿ 1930ರ ದಶಕದ ಕೊನೆಯಿಂದೀಚಿನ ದೊಡ್ಡದೊಂದು ಭಾಗ ಎಕ್ಸೆಟರ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಉಳಿದುಬಂದಿದೆ. ನಾವು ಆ ಕಡತಗಳನ್ನು ಕಣ್ಣಾರೆ ಕಂಡವರಲ್ಲ. ಅವುಗಳನ್ನು ಬಳಸಿಕೊಂಡು 1984ರಲ್ಲಿ ಜಾನೆಟ್ ಮಾರ್ಗನ್ ಬರೆದ ಜೀವನಚರಿತ್ರೆಯೂ ಅನಂತರದ ಸಂಶೋಧಕರ ಕೆಲಸವೂ ನಮಗೆ ಆಧಾರ.

ಸಾಹಿತ್ಯದ ಪ್ರತಿನಿಧಿ, ಅಂದರೆ ಏಜೆಂಟ್, ಎಂಬ ವೃತ್ತಿ ನಮ್ಮಲ್ಲಿ ಹೆಚ್ಚಾಗಿ ಬಳಕೆಗೆ ಬರಲಿಲ್ಲವಾದುದರಿಂದ ಒಂದು ಮಾತು ಹೇಳಬೇಕು. ಲೇಖಕನ ಹಸ್ತಪ್ರತಿಯನ್ನು ಪ್ರಕಾಶಕನಿಗೆ ಒಪ್ಪಿಸುವುದು, ಕರಾರಿನ ಷರತ್ತುಗಳನ್ನು ಚೌಕಾಶಿ ಮಾಡುವುದು, ಧಾರಾವಾಹಿ, ಅನುವಾದ, ನಾಟಕ, ಚಲನಚಿತ್ರಗಳ ಹಕ್ಕುಗಳನ್ನು ಬೇರೆಬೇರೆಯಾಗಿ ಮಾರುವುದು, ಬಂದ ಹಣದಲ್ಲಿ ತನ್ನ ಪಾಲನ್ನು (ಆ ಕಾಲದ ವಾಡಿಕೆಯಂತೆ ನೂರಕ್ಕೆ ಹತ್ತನ್ನು) ಹಿಡಿದುಕೊಂಡು ಉಳಿದುದನ್ನು ಲೇಖಕನಿಗೆ ಸಲ್ಲಿಸುವುದು, ಇಷ್ಟು ಅವನ ಕೆಲಸ. ಲೇಖಕನು ಹೆಚ್ಚು ಗಳಿಸಿದರಷ್ಟೇ ಅವನ ಪಾಲೂ ಹೆಚ್ಚುವುದು.

ಇಂಥವನೊಬ್ಬನು ಕ್ರಿಸ್ಟಿಗೆ ಏಕೆ ಬೇಕಾಯಿತೆಂಬುದನ್ನು ಆಕೆಯ ಮೊದಲ ಕರಾರೇ ತಿಳಿಸುತ್ತದೆ. 'ದಿ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್' ಕಾದಂಬರಿಯನ್ನು ಬಾಡ್ಲಿ ಹೆಡ್ ಸಂಸ್ಥೆಯ ಜಾನ್ ಲೇನ್ ಸ್ವೀಕರಿಸಿದಾಗ, ಪುಸ್ತಕ ಅಚ್ಚಾಗುವ ಸಂತೋಷದಲ್ಲಿ ಆಕೆ ಕಾಗದವನ್ನು ಸರಿಯಾಗಿ ನೋಡದೆ ಸಹಿ ಹಾಕಿದಳು. ಮೊದಲ 2000 ಪ್ರತಿಗಳಿಗೆ ರಾಯಲ್ಟಿ ಇಲ್ಲ. ಮುಂದಿನ ಐದು ಪುಸ್ತಕಗಳೂ ಅದೇ ಸಂಸ್ಥೆಗೆ ಸಲ್ಲಬೇಕು. ಧಾರಾವಾಹಿಯ ಹಕ್ಕಿನಲ್ಲಿ ಆಕೆಯ ಅರ್ಧಪಾಲಾಗಿ ಕೈಸೇರಿದ್ದು 25 ಪೌಂಡು. 1923ರ ಸುಮಾರಿಗೆ ಆಕೆ ಹ್ಯೂಸ್ ಮ್ಯಾಸಿ ಕಚೇರಿಗೆ ಹೋದಳು. ಆ ಹೆಸರಿನ ಹಿರಿಯನು, ಆಕೆಯ ಹುಡುಗಿತನದ ಕಾದಂಬರಿಯೊಂದನ್ನು ಹಿಂದಿರುಗಿಸಿದ್ದವನು, ಅಷ್ಟರಲ್ಲಿ ತೀರಿಕೊಂಡಿದ್ದನು. ಅವನ ಸ್ಥಾನದಲ್ಲಿದ್ದ ತರುಣ ಕಾರ್ಕ್, ಸ್ವಲ್ಪ ಉಗ್ಗುತ್ತಿದ್ದ ಮನುಷ್ಯ, ಆಕೆಯ ವ್ಯವಹಾರದ ಅಜ್ಞಾನವನ್ನು ಕಂಡು ಬೆರಗಾದನು. ಹಳೆಯ ಕರಾರು ಮುಗಿಯುವುದಕ್ಕೆ ಮೊದಲೇ, 1924ರಲ್ಲಿ, ಕಾಲಿನ್ಸ್ ಸಂಸ್ಥೆಯೊಡನೆ ಮೂರು ಪುಸ್ತಕಗಳಿಗೆ ತಲಾ 200 ಪೌಂಡು ಮುಂಗಡದ ಒಡಂಬಡಿಕೆಯಾಯಿತು. ಅದರ ಮೊದಲ ಫಲ 1926ರ 'ದಿ ಮರ್ಡರ್ ಆಫ್ ರಾಜರ್ ಆಕ್ರಾಯ್ಡ್'.

ಇಷ್ಟು ಕಥೆಯನ್ನು ಆಕೆಯೇ ಆತ್ಮಕಥೆಯಲ್ಲಿ ಹೇಳಿದ್ದಾಳೆ, ಹಾಸ್ಯದಿಂದಲೇ ಹೇಳಿದ್ದಾಳೆ. ಆದರೆ 1950ರಿಂದ 1965ರವರೆಗೆ ಬಿಡುವಾದಾಗಲೆಲ್ಲ ಬರೆದು, ಮರಣಾನಂತರ 1977ರಲ್ಲಿ ಪ್ರಕಟವಾದ ಆ ಗ್ರಂಥ ಪ್ರಸಿದ್ಧಿಯ ನಿಶ್ಚಿಂತೆಯಲ್ಲಿ ಹಿಂದಿರುಗಿ ನೋಡಿದವಳ ಬರಹ. ಪತ್ರಗಳಿಗೆ ಆ ನಿಶ್ಚಿಂತೆ ಇಲ್ಲ. ನಾಳೆ ಏನಾಗುವುದೆಂದು ತಿಳಿಯದವರು ಬರೆದ ಕಾಗದಗಳವು. ಎರಡು ಆಧಾರಗಳ ನಡುವಣ ಅಂತರ ಎಲ್ಲಿಗಿಂತಲೂ ಹೆಚ್ಚಾಗಿ ಕಾಣುವುದು ಎರಡನೆಯ ಮಹಾಯುದ್ಧದ ಅವಧಿಯಲ್ಲಿ. ಆದುದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿ ನೋಡೋಣ.

ಆಕೆಯ ವರಮಾನದ ದೊಡ್ಡ ಪಾಲು ಅಮೆರಿಕದಿಂದ ಬರುತ್ತಿತ್ತು. ನ್ಯೂಯಾರ್ಕಿನಲ್ಲಿ ಹೆರಾಲ್ಡ್ ಓಬರ್ ಎಂಬ ಪ್ರತಿನಿಧಿ ಕಾರ್ಕನ ಪರವಾಗಿ ವ್ಯವಹರಿಸುತ್ತಿದ್ದನು. ಅಲ್ಲಿನ ವಾರಪತ್ರಿಕೆಗಳು ಧಾರಾವಾಹಿಯ ಹಕ್ಕಿಗೆ ಒಂದೇ ಗಂಟಿನಲ್ಲಿ ಹಣ ಕೊಡುತ್ತಿದ್ದವು. ಈ ಹಣ ಸ್ವತ್ತಿನ ಮಾರಾಟದ ಬೆಲೆಯೋ ಅಥವಾ ಹಕ್ಕಿನ ಬಳಕೆಗೆ ತೆತ್ತ ರಾಯಲ್ಟಿಯೋ? ಬೆಲೆಯೆಂದಾದರೆ ಪರದೇಶದಲ್ಲಿರುವ ಲೇಖಕನು ಅಮೆರಿಕಕ್ಕೆ ತೆರಿಗೆ ಕೊಡಬೇಕಾಗಿಲ್ಲ, ರಾಯಲ್ಟಿಯೆಂದಾದರೆ ಕೊಡಲೇಬೇಕು. 1938ರಲ್ಲಿ ರಫಾಯೆಲ್ ಸಬಟೀನಿ ಎಂಬ ಕಾದಂಬರಿಕಾರನ ಮೊಕದ್ದಮೆಯ ತೀರ್ಪಾದ ಬಳಿಕ ಅಮೆರಿಕದ ಅಧಿಕಾರಿಗಳು ಇತರ ಬ್ರಿಟಿಷ್ ಲೇಖಕರ ಹಳೆಯ ಲೆಕ್ಕಗಳನ್ನೂ ಕೆದಕಲಾರಂಭಿಸಿದರು. ತಕರಾರು ಮುಗಿಯುವವರೆಗೆ ಕ್ರಿಸ್ಟಿಯ ಹಣ ಅಲ್ಲಿಯೇ ನಿಂತಿತು. ಇತ್ತ ಇಂಗ್ಲೆಂಡಿನ ತೆರಿಗೆ ಇಲಾಖೆ ಆ ಹಣವನ್ನೂ ಆಕೆಯ ವರಮಾನವೆಂದೇ ಎಣಿಸಿ ತನ್ನ ಪಾಲನ್ನು ಕೇಳಿತು. ಯುದ್ಧಕಾಲದಲ್ಲಿ ಅಲ್ಲಿ ಅತ್ಯುನ್ನತ ವರಮಾನದ ಮೇಲಿನ ತೆರಿಗೆ ಪೌಂಡಿಗೆ 19 ಷಿಲಿಂಗು 6 ಪೆನ್ಸ್. ಇಪ್ಪತ್ತು ಷಿಲಿಂಗಿನ ಪೌಂಡಿನಲ್ಲಿ ಉಳಿಯುವುದು ಅರ್ಧ ಷಿಲಿಂಗು! ಕೈಗೆ ಬಾರದ ಹಣಕ್ಕೆ ಕೈಯಿಂದ ತೆರಿಗೆ ಕಟ್ಟಬೇಕಾದ ವಿಚಿತ್ರ ಸ್ಥಿತಿ ಅದು. ಲೋಕದ ಕಣ್ಣಿಗೆ ಆಕೆ ಸಿರಿವಂತೆ. ಕಾರ್ಕನಿಗೆ ಬರೆದ ಪತ್ರಗಳಲ್ಲಾದರೋ ಹಣ ಯಾವಾಗ ಬರುವುದೆಂಬ ವಿಚಾರಣೆ, ಸಾಲದ ಚಿಂತೆ. 1938ರಲ್ಲಿ 6000 ಪೌಂಡು ಕೊಟ್ಟು ಕೊಂಡ ಡೆವನ್ ಪ್ರಾಂತದ ಗ್ರೀನ್‌ವೇ ಮನೆಯನ್ನು ಮಾರಿಬಿಡುವ ಯೋಚನೆಯೂ ಆ ದಿನಗಳಲ್ಲಿ ತಲೆದೋರಿತು. ಮನೆಯನ್ನು ಮುಂದೆ ನೌಕಾಪಡೆ ವಶಪಡಿಸಿಕೊಂಡಿತು.

ಈ ಹಿನ್ನೆಲೆಯಲ್ಲಿ ಆ ವರ್ಷಗಳ ಕೃತಿಗಳ ಪಟ್ಟಿಯನ್ನು ನೋಡಬೇಕು. 1940ರಲ್ಲಿ ಎರಡು ಕಾದಂಬರಿ, 1941ರಲ್ಲಿ ಎರಡು, 1942ರಲ್ಲಿ ಮತ್ತೆ ಎರಡಕ್ಕೆ ಕಡಮೆಯಿಲ್ಲ. ಇದೇ ಕಾಲದಲ್ಲಿ ಆಕೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜು ಆಸ್ಪತ್ರೆಯ ಔಷಧಾಲಯದಲ್ಲಿ ಕೆಲಸ ಮಾಡುತ್ತಿದ್ದಳು. ಪತಿ ಮ್ಯಾಕ್ಸ್ ಮ್ಯಾಲೋವನ್ ಉತ್ತರ ಆಫ್ರಿಕದಲ್ಲಿದ್ದನು. ಈ ಸಮೃದ್ಧಿಯನ್ನು ಪ್ರತಿಭೆಯ ಉತ್ಕರ್ಷವೆಂದು ಮಾತ್ರ ಬಣ್ಣಿಸುವುದು ವಾಡಿಕೆ. ಯುದ್ಧ ಮುಗಿದ ಮೇಲೆ, 1946ರಿಂದ 1951ರವರೆಗೆ, ಆಕೆಯ ಪತ್ತೇದಾರಿ ಪುಸ್ತಕ ಇಂಗ್ಲೆಂಡಿನಲ್ಲಿ ವರ್ಷಕ್ಕೊಂದರಂತೆ ಹೊರಬಂದಿತು. ಆಗ ಪ್ರತಿಭೆ ಬತ್ತಿತೆನ್ನಬೇಕೆ? ಹೆಚ್ಚು ಬರೆದಷ್ಟೂ ತೆರಿಗೆಯೇ ಹೆಚ್ಚುವುದೆಂಬ ಅರಿವು ಇದಕ್ಕೆ ಒಂದು ಕಾರಣವೆಂದು ಪತ್ರಗಳು ಸೂಚಿಸುತ್ತವೆ. ಏಕೈಕ ಕಾರಣವೆಂದು ನಾವು ಹೇಳುವುದಿಲ್ಲ. ವಯಸ್ಸು, ನಾಟಕರಚನೆಯ ಒಲವು, ಪತಿಯೊಡನೆ ಇರಾಕಿನ ಉತ್ಖನನಗಳಲ್ಲಿ ಕಳೆದ ತಿಂಗಳುಗಳು, ಇವೂ ಲೆಕ್ಕಕ್ಕೆ ಬರಬೇಕು. ಮೇಲಾಗಿ ಪ್ರತಿನಿಧಿಗೆ ಬರೆದ ಕಾಗದದಲ್ಲಿ ಹಣದ ಮಾತೇ ಹೆಚ್ಚಾಗಿರುವುದು ಸಹಜ. ಅಷ್ಟರಿಂದ ಆಕೆಯ ಮನಸ್ಸಿನಲ್ಲಿಯೂ ಅದೇ ತುಂಬಿತ್ತೆಂದು ತೀರ್ಮಾನಿಸಿದರೆ ನಾವು ಆಧಾರದ ಮಿತಿಯನ್ನು ಮರೆತಂತಾಗುತ್ತದೆ.

ಅಮೆರಿಕದ ತಕರಾರು 1940ರ ದಶಕದ ಕೊನೆಗೆ ರಾಜಿಯಲ್ಲಿ ಮುಗಿಯಿತು. ಇದೇ ಪ್ರಶ್ನೆಯನ್ನು ಪಿ. ಜಿ. ವುಡ್‌ಹೌಸನ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು 1949ರಲ್ಲಿ ಲೇಖಕರ ವಿರುದ್ಧವಾಗಿಯೇ ತೀರ್ಮಾನಿಸಿತು. ಮುಂದೆ 1955ರಲ್ಲಿ 'ಅಗಾಥಾ ಕ್ರಿಸ್ಟಿ ಲಿಮಿಟೆಡ್' ಸ್ಥಾಪಿತವಾಗಿ, ಲೇಖಕಿ ತನ್ನದೇ ಹೆಸರಿನ ಕಂಪೆನಿಯ ಸಂಬಳದ ನೌಕರಳಾದಳು. 1968ರಲ್ಲಿ ಅದರ ನೂರಕ್ಕೆ 51 ಪಾಲನ್ನು ಬೂಕರ್ ಮೆಕಾನೆಲ್ ಸಂಸ್ಥೆ ಕೊಂಡಿತು. ಆಕೆ ತೀರಿಕೊಂಡಾಗ ಸ್ವಂತ ಆಸ್ತಿಯೆಂದು ಲೆಕ್ಕಕ್ಕೆ ಬಂದುದು 1,06,000 ಪೌಂಡಿಗಿಂತ ಸ್ವಲ್ಪ ಹೆಚ್ಚು. ಇಷ್ಟು ಕಡಮೆಯೇ ಎಂದು ಪತ್ರಿಕೆಗಳು ಅಚ್ಚರಿಪಟ್ಟವು. ಕಡತವನ್ನು ಬಲ್ಲವರಿಗೆ ಅಚ್ಚರಿಯಾಗಬೇಕಾಗಿಲ್ಲ. ಹಕ್ಕುಗಳನ್ನು ದಾನಪತ್ರಗಳ ಮೂಲಕ ಹಂಚುವ ಕ್ರಮ ಬಹಳ ಹಿಂದೆಯೇ ಮೊದಲಾಗಿತ್ತು. ಯುದ್ಧಕಾಲದಲ್ಲಿ ಬರೆದಿಟ್ಟ ಎರಡು ಕಾದಂಬರಿಗಳಲ್ಲಿ 'ಕರ್ಟನ್' ಮಗಳಿಗೆ, 'ಸ್ಲೀಪಿಂಗ್ ಮರ್ಡರ್' ಪತಿಗೆ. 1952ರಲ್ಲಿ ರಂಗಕ್ಕೆ ಬಂದ 'ದಿ ಮೌಸ್‌ಟ್ರಾಪ್' ನಾಟಕದ ಹಕ್ಕು ಒಂಬತ್ತು ವರ್ಷದ ಮೊಮ್ಮಗನಿಗೆ.

ಕಡತದಲ್ಲಿರುವುದೆಲ್ಲ ತೆರಿಗೆಯಲ್ಲ. ಹೊದಿಕೆಯ ಚಿತ್ರದಲ್ಲಿ ಪತ್ತೇದಾರ ಪ್ವಾರೋನ ಆಕೃತಿ ಇರಕೂಡದೆಂಬ ಹಟ, ನಾಟಕದ ಟಿಕೆಟ್ಟುಗಳು, ಮೇರಿ ವೆಸ್ಟ್‌ಮೆಕಾಟ್ ಎಂಬ ಗುಪ್ತನಾಮದ ಕಾದಂಬರಿಗಳನ್ನು ಕಾಲಿನ್ಸಿನಿಂದ ಬಿಡಿಸಿ ಹೈನ್‌ಮನ್ನಿಗೆ ಒಪ್ಪಿಸಿದ ಸಂಗತಿ, ಹೀಗೆ ಹಲವು ವಿಷಯಗಳುಂಟು. ಅವುಗಳಲ್ಲಿ ಒಂದನ್ನಾದರೂ ಹೇಳದೆ ಬಿಡಲು ಮನಸ್ಸಿಲ್ಲ. ತನ್ನೂರಿನ ಸಮೀಪದ ಚರ್ಸ್ಟನ್ ಫೆರರ್ಸ್ ಚರ್ಚಿನಲ್ಲಿ ಬಣ್ಣದ ಗಾಜಿನ ಕಿಟಕಿಯೊಂದನ್ನು ಮಾಡಿಸಿಕೊಡಬೇಕೆಂದು ಕ್ರಿಸ್ಟಿ ಬಯಸಿದಳು. 1954ರಲ್ಲಿ 'ದಿ ಗ್ರೀನ್‌ಶೋರ್ ಫಾಲಿ' ಎಂಬ ಕಥೆ ಬರೆದು ಅದರ ಹುಟ್ಟುವಳಿಯನ್ನು ಅದಕ್ಕೆ ಮೀಸಲಿಟ್ಟಳು. ಸಣ್ಣಕತೆಗೆ ದೀರ್ಘ, ಕಾದಂಬರಿಗೆ ಹ್ರಸ್ವ ಎಂಬಂತಿದ್ದ ಅದನ್ನು ಮಾರಲು ಕಾರ್ಕನಿಂದ ಆಗಲಿಲ್ಲ. ಕೊನೆಗೆ ಆ ಕಥೆಯನ್ನು ಹಿಂದಕ್ಕೆ ಪಡೆದು, ಬಹುಮಟ್ಟಿಗೆ ಅದೇ ಧ್ವನಿಯ ಹೆಸರಿನ 'ಗ್ರೀನ್‌ಷಾಸ್ ಫಾಲಿ' ಎಂಬ ಬೇರೊಂದು ಸಣ್ಣಕತೆಯನ್ನು ಚರ್ಚಿಗೆ ಕೊಟ್ಟರು, ಕಿಟಕಿ ಸಿದ್ಧವಾಯಿತು. ಹಿಂದಿರುಗಿ ಬಂದ ಕಥೆ ಹಿಗ್ಗಿ 1956ರಲ್ಲಿ 'ಡೆಡ್ ಮ್ಯಾನ್ಸ್ ಫಾಲಿ' ಎಂಬ ಕಾದಂಬರಿಯಾಯಿತು. ಮೂಲದ ಪಾಠವು ಕಾಗದಗಳ ನಡುವೆ ಉಳಿದು, ಪುಸ್ತಕರೂಪದಲ್ಲಿ ಅಚ್ಚಾದುದು 2014ರಲ್ಲಿ.