‘ಚೆನ್ನಾಗಿದೆ’ ಎಂದರೂ ಚಿತ್ರಮಂದಿರಕ್ಕೆ ಬಾರದ ಪ್ರೇಕ್ಷಕ

ಬೆಂಗಳೂರು: ‘ಚಿತ್ರ ಚೆನ್ನಾಗಿದೆಯಂತೆ, ಒಟಿಟಿಗೆ ಬಂದಾಗ ನೋಡಿದರಾಯಿತು.’ ಹಿಂದಿ ಚಿತ್ರಗಳ ಬಗ್ಗೆ ನಗರದ ಪ್ರೇಕ್ಷಕರಿಂದ ಇತ್ತೀಚಿನ ವರ್ಷಗಳಲ್ಲಿ ಪದೇ ಪದೇ ಕೇಳಿಬರುವ ಮಾತಿದು. ಮೇಲ್ನೋಟಕ್ಕೆ ಹೊಗಳಿಕೆಯಂತೆ ತೋರುವ ಈ ಅಭಿಪ್ರಾಯವೇ ಸಣ್ಣ ಬಜೆಟ್‌ನ ಉತ್ತಮ ಚಿತ್ರಗಳಿಗೆ ಮುಳುವಾಗುತ್ತಿದೆ.

2023ನೇ ಸಾಲಿನ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳನ್ನು ಗಮನಿಸಿದರೆ ಹಿಂದಿ ಚಿತ್ರರಂಗದ ಎರಡು ತುದಿಗಳು ಒಟ್ಟಿಗೇ ಕಾಣಸಿಗುತ್ತವೆ. ಅತ್ಯುತ್ತಮ ನಟ ಪ್ರಶಸ್ತಿಯನ್ನು ‘ಜವಾನ್’ ಚಿತ್ರಕ್ಕಾಗಿ ಶಾರುಖ್ ಖಾನ್ ಹಾಗೂ ‘ಟ್ವೆಲ್ತ್ ಫೇಲ್’ ಚಿತ್ರಕ್ಕಾಗಿ ವಿಕ್ರಾಂತ್ ಮಾಸ್ಸಿ ಹಂಚಿಕೊಂಡರು. ಮೊದಲನೆಯದು ವಿಶ್ವದಾದ್ಯಂತ 1,000 ಕೋಟಿ ರೂ.ಗೂ ಮಿಗಿಲಾಗಿ ಗಳಿಸಿದ ತಾರಾ ಚಿತ್ರ. ಎರಡನೆಯದು ಚಂಬಲ್ ಪ್ರದೇಶದ ಬಡ ಯುವಕನೊಬ್ಬ ಐಪಿಎಸ್ ಅಧಿಕಾರಿಯಾಗುವ ಕಥೆ. ಅತ್ಯುತ್ತಮ ಚಿತ್ರ ಪ್ರಶಸ್ತಿ ಸಂದದ್ದು ಈ ಎರಡನೆಯದಕ್ಕೇ.

ಮೂರು ದಿನಗಳ ಪರೀಕ್ಷೆ

ಮಲ್ಟಿಪ್ಲೆಕ್ಸ್‌ಗಳಲ್ಲಿ ಚಿತ್ರವೊಂದರ ಭವಿಷ್ಯ ಬಹುಮಟ್ಟಿಗೆ ಶುಕ್ರವಾರದಿಂದ ಭಾನುವಾರದೊಳಗೆ ನಿರ್ಧಾರವಾಗುತ್ತದೆ. ತಾರೆಯರಿರುವ ಚಿತ್ರಕ್ಕೆ ಮೊದಲ ದಿನವೇ ಹೆಚ್ಚು ಪ್ರದರ್ಶನಗಳು ದೊರೆಯುತ್ತವೆ. ಹೊಸಬರ ಚಿತ್ರಕ್ಕೆ ಸಿಗುವುದು ಕೆಲವೇ ಪ್ರದರ್ಶನ, ಅದೂ ಅನುಕೂಲವಲ್ಲದ ವೇಳೆಯಲ್ಲಿ. ಇಂಥ ಚಿತ್ರಕ್ಕೆ ಬಾಯಿಮಾತಿನ ಪ್ರಚಾರವೇ ಬಂಡವಾಳ. ಆದರೆ ನೋಡಿದವರು ನಾಲ್ಕು ಜನರಿಗೆ ಹೇಳುವಷ್ಟರಲ್ಲಿ ಸೋಮವಾರ ಬಂದಿರುತ್ತದೆ. ಆಸನಗಳು ತುಂಬದಿದ್ದರೆ ಪ್ರದರ್ಶನಗಳು ಕಡಿತಗೊಳ್ಳುತ್ತವೆ. ಮುಂದಿನ ಶುಕ್ರವಾರ ಮತ್ತೊಂದು ಚಿತ್ರ ಆ ಜಾಗಕ್ಕೆ ಬರುತ್ತದೆ.

ಪ್ರೇಕ್ಷಕನ ಲೆಕ್ಕವೂ ಸುಳ್ಳಲ್ಲ. ಟಿಕೆಟ್‌ಗೆ 300 ರೂ. ಎಂದು ಹಿಡಿದರೂ ನಾಲ್ವರ ಕುಟುಂಬಕ್ಕೆ 1,200 ರೂ. ಆಗುತ್ತದೆ. ಪಾರ್ಕಿಂಗ್, ಪಾಪ್‌ಕಾರ್ನ್ ಖರ್ಚು ಬೇರೆ. ಇಷ್ಟು ವೆಚ್ಚ ಮಾಡುವವನು ದೊಡ್ಡ ಪರದೆಯಲ್ಲೇ ನೋಡಬೇಕಾದ ಸಾಹಸ ಚಿತ್ರವನ್ನು ಆರಿಸಿಕೊಳ್ಳುವುದು ಸಹಜ. ಮನೆಮಂದಿಯ ಸುಖದುಃಖದ ಕಥೆಯನ್ನು ಮನೆಯಲ್ಲೇ ನೋಡಬಹುದೆಂಬ ಭಾವನೆ ಬೇರೂರಿದೆ.

ಎಂಟು ವಾರಗಳ ಅಂತರ

ಕೋವಿಡ್ ಕಾಲದಲ್ಲಿ ಹಿಂದಿ ಚಿತ್ರಗಳು ನಾಲ್ಕೇ ವಾರಗಳಲ್ಲಿ ಒಟಿಟಿಗೆ ಬರತೊಡಗಿದ್ದವು. 2022ರ ಆಗಸ್ಟ್‌ನಿಂದ ಈ ಅಂತರ ಮತ್ತೆ ಎಂಟು ವಾರಗಳಿಗೆ ಏರಿತು. ಕಿರಣ್ ರಾವ್ ನಿರ್ದೇಶನದ ‘ಲಾಪತಾ ಲೇಡೀಸ್’ ಇದಕ್ಕೆ ತಕ್ಕ ಉದಾಹರಣೆ. 2024ರ ಮಾರ್ಚ್ 1ರಂದು ತೆರೆಕಂಡ ಈ ಚಿತ್ರ ಸರಿಯಾಗಿ ಎಂಟು ವಾರಗಳ ನಂತರ, ಏಪ್ರಿಲ್ 26ರಂದು ನೆಟ್‌ಫ್ಲಿಕ್ಸ್‌ಗೆ ಬಂತು. ಚಿತ್ರಮಂದಿರದಲ್ಲಿ ಸಾಧಾರಣ ಗಳಿಕೆ ಕಂಡಿದ್ದ ಚಿತ್ರ ಮನೆಮಾತಾದದ್ದು ಆ ಮೇಲೆಯೇ. ಅದೇ ವರ್ಷ ಆಸ್ಕರ್ ಸ್ಪರ್ಧೆಗೆ ಭಾರತದ ಅಧಿಕೃತ ಪ್ರವೇಶವಾಗಿಯೂ ಅದು ಆಯ್ಕೆಯಾಯಿತು.

ಇದಕ್ಕೆ ವ್ಯತಿರಿಕ್ತವಾಗಿ, 2023ರ ಅಕ್ಟೋಬರ್ 27ರಂದು ಬಿಡುಗಡೆಯಾದ ‘ಟ್ವೆಲ್ತ್ ಫೇಲ್’ ಬಾಯಿಮಾತಿನ ಬಲದಿಂದಲೇ ವಾರಗಟ್ಟಲೆ ಪರದೆಯ ಮೇಲೆ ಉಳಿಯಿತು. ಸೋಹಮ್ ಶಾ ನಟಿಸಿ ನಿರ್ಮಿಸಿದ ‘ತುಂಬಾಡ್’ ಕಥೆ ಇನ್ನೂ ವಿಚಿತ್ರ. 2018ರಲ್ಲಿ ಹೆಚ್ಚು ಜನರನ್ನು ಸೆಳೆಯದ ಈ ಚಿತ್ರ, 2024ರ ಸೆಪ್ಟೆಂಬರ್‌ನಲ್ಲಿ ಮರುಬಿಡುಗಡೆಯಾದಾಗ ಮೊದಲ ಸಲಕ್ಕಿಂತ ಹೆಚ್ಚು ಗಳಿಸಿತು. ಮನೆಯಲ್ಲಿ ನೋಡಿ ಮೆಚ್ಚಿದವರೇ ಮತ್ತೆ ಟಿಕೆಟ್ ಕೊಂಡರೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ದರ ಇಳಿದರೆ?

2022ರ ಸೆಪ್ಟೆಂಬರ್ 23ರಂದು ರಾಷ್ಟ್ರೀಯ ಸಿನಿಮಾ ದಿನದ ಅಂಗವಾಗಿ 75 ರೂ.ಗೆ ಟಿಕೆಟ್ ಮಾರಿದಾಗ ದೇಶಾದ್ಯಂತ ಚಿತ್ರಮಂದಿರಗಳು ತುಂಬಿದ್ದವು. ಪ್ರೇಕ್ಷಕನಿಗೆ ಚಿತ್ರಮಂದಿರದ ಮೇಲೆ ಮುನಿಸಿಲ್ಲ, ಬೆಲೆಯ ಮೇಲಿದೆ ಎಂಬುದು ಇದರಿಂದ ಸ್ಪಷ್ಟ. ಕರ್ನಾಟಕ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ತೆರಿಗೆ ಹೊರತುಪಡಿಸಿ 200 ರೂ. ಗರಿಷ್ಠ ದರವನ್ನು ಎಲ್ಲ ಭಾಷೆಯ ಚಿತ್ರಗಳಿಗೂ ನಿಗದಿಪಡಿಸಿತ್ತು. ಆದರೆ ಅದೇ ತಿಂಗಳು ಹೈಕೋರ್ಟ್ ಅದಕ್ಕೆ ಮಧ್ಯಂತರ ತಡೆ ನೀಡಿತು. ಅದೇ ಅವಧಿಯಲ್ಲಿ 100 ರೂ.ವರೆಗಿನ ಟಿಕೆಟ್ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿಯಿತಾದರೂ, ಮಹಾನಗರದ ಮಲ್ಟಿಪ್ಲೆಕ್ಸ್‌ಗಳಲ್ಲಿ ಆ ದರದ ಟಿಕೆಟ್ ಅಪರೂಪ.

ನಿರ್ಮಾಪಕರೂ ಹೊಸ ದಾರಿ ಹುಡುಕುತ್ತಿದ್ದಾರೆ. ಆಮೀರ್ ಖಾನ್ ‘ಸಿತಾರೆ ಜಮೀನ್ ಪರ್’ ಚಿತ್ರವನ್ನು ಒಟಿಟಿಗೆ ಮಾರದೆ, 2025ರ ಆಗಸ್ಟ್ 1ರಿಂದ ಯೂಟ್ಯೂಬ್‌ನಲ್ಲಿ 100 ರೂ. ಬಾಡಿಗೆಗೆ ಒದಗಿಸಿದರು. ಒಂದು ಮನೆಗೆ ಒಂದೇ ಟಿಕೆಟ್ ಎಂಬಂಥ ಲೆಕ್ಕಾಚಾರವಿದು.

ಒಟ್ಟಿನಲ್ಲಿ, ಮೆಚ್ಚುಗೆ ಎಂಟು ವಾರ ತಡವಾಗಿ ಬಂದರೆ ಹೊಸ ನಿರ್ದೇಶಕನಿಗೆ ಹೆಸರು ಸಿಗಬಹುದು, ಮುಂದಿನ ಚಿತ್ರಕ್ಕೆ ಪರದೆ ಸಿಗುವ ಖಾತರಿಯಿಲ್ಲ. ಚಿತ್ರಮಂದಿರದ ಮಾಲೀಕ ಓದುವುದು ಪ್ರೇಕ್ಷಕನ ಅಭಿಪ್ರಾಯವನ್ನಲ್ಲ, ಮೊದಲ ವಾರ ಮಾರಾಟವಾದ ಟಿಕೆಟ್‌ಗಳ ಲೆಕ್ಕವನ್ನು.