ಕುಲುಮೆಯ ತಂತಿ: ಕರಗುವ ಉಷ್ಣತೆಯೊಂದೇ ಬಲದ ಅಳತೆಯಲ್ಲ

ಹುಳಿಯಾರು, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ಉಂಡೆ ಕೊಬ್ಬರಿಯು ತಿಂಗಳುಗಟ್ಟಲೆ ಅಟ್ಟದ ಮೇಲಿದ್ದು ತಾನಾಗಿಯೇ ಒಣಗುವುದರಿಂದ ಅದಕ್ಕೆ ಕುಲುಮೆ ಬೇಕಿಲ್ಲ. ಆದರೆ ಕೊಬ್ಬರಿ ತೆಗೆದ ಚಿಪ್ಪು ಇದ್ದಿಲಾಗಿ ಆಕ್ಟಿವೇಟೆಡ್ ಕಾರ್ಬನ್ ತಯಾರಕರಿಗೆ ಮಾರಾಟವಾಗುವಾಗ ಅದರ ಗುಣಮಟ್ಟವನ್ನು ವಿದ್ಯುತ್ ಕುಲುಮೆಯಲ್ಲಿ ಪರೀಕ್ಷಿಸಲಾಗುತ್ತದೆ. ಬೂದಿಯ ಅಂಶಕ್ಕೆ ಸುಮಾರು 750, ಬಾಷ್ಪಶೀಲ ಅಂಶಕ್ಕೆ ಸುಮಾರು 950 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಕುಲುಮೆಯ ಸುರುಳಿ ತುಂಡಾದರೆ ಪರೀಕ್ಷೆ ನಿಲ್ಲುತ್ತದೆ, ಸರಕು ಕಾಯಬೇಕಾಗುತ್ತದೆ. ಆದ್ದರಿಂದ ಬದಲಿ ತಂತಿ ಕೊಳ್ಳುವವರು ಶಾಖದಲ್ಲಿ ತಂತಿಯ ಬಲ ಹೇಗೆ ಕುಂದುತ್ತದೆಂಬುದನ್ನು ಅರಿತಿರುವುದು ಲೇಸು.

ಟಂಗ್‌ಸ್ಟನ್ 3422 ಡಿಗ್ರಿಯಲ್ಲಿಯೂ ಮಾಲಿಬ್ಡಿನಮ್ 2623 ಡಿಗ್ರಿಯಲ್ಲಿಯೂ ಕರಗುತ್ತವೆ. ನೈಕ್ರೋಮ್ ಸುಮಾರು 1400ರಲ್ಲೇ ಕರಗುತ್ತದೆ. ಹಾಗೆಂದು ಮೊದಲಿನ ಎರಡನ್ನು ನಮ್ಮ ಕುಲುಮೆಗೆ ತರುವುದು ನಷ್ಟದ ವ್ಯಾಪಾರ. ಏಕೆಂದರೆ ಕೆಂಪಗೆ ಕಾದ ಟಂಗ್‌ಸ್ಟನ್ ಗಾಳಿಯ ಆಮ್ಲಜನಕದೊಡನೆ ಬೆರೆತು ಬೇಗನೆ ಸವೆಯುತ್ತದೆ. ಮಾಲಿಬ್ಡಿನಮ್‌ನ ಆಕ್ಸೈಡಂತೂ ಆವಿಯಾಗಿ ಹಾರಿಹೋಗುತ್ತದೆ. ಇವುಗಳ ಬಲವೆಲ್ಲ ನಿರ್ವಾತದಲ್ಲಿ, ಇಲ್ಲವೇ ಆರ್ಗಾನ್, ಹೈಡ್ರೋಜನ್‌ಗಳಂತಹ ಅನಿಲಗಳ ನಡುವೆ ಮಾತ್ರ.

ಬೆಂಗಳೂರಿನಲ್ಲಿ 1936ರಲ್ಲಿ ಸ್ಥಾಪನೆಯಾಗಿ 2003ರಲ್ಲಿ ಉತ್ಪಾದನೆ ನಿಲ್ಲಿಸಿದ ಮೈಸೂರು ಲ್ಯಾಂಪ್ ವರ್ಕ್ಸ್‌ನ ಬಲ್ಬುಗಳನ್ನು ನಮ್ಮಲ್ಲಿ ಅನೇಕರು ಬಳಸಿದ್ದೇವೆ. ಅಂತಹ ಬಲ್ಬಿನೊಳಗಿನ ಟಂಗ್‌ಸ್ಟನ್ ತಂತಿಯು ಸುಮಾರು 2500 ಡಿಗ್ರಿಯಲ್ಲಿ ಉರಿದರೂ ಬಾಳುವುದಕ್ಕೆ ಗಾಜಿನೊಳಗೆ ಗಾಳಿಯಿಲ್ಲದಿರುವುದು ಒಂದು ಕಾರಣ. ಇನ್ನೊಂದು ಕಾರಣ ತಂತಿಯೊಳಗೇ ಇದೆ. ಶುದ್ಧ ಟಂಗ್‌ಸ್ಟನ್‌ನಲ್ಲಿ ಶಾಖಕ್ಕೆ ಹರಳುಕಣಗಳು ಬೆಳೆದು, ಅವುಗಳ ಅಂಚುಗಳು ತಂತಿಗೆ ಅಡ್ಡವಾಗಿ ನಿಲ್ಲುತ್ತವೆ. ಆಗ ಕಣಗಳು ಒಂದರ ಮೇಲೊಂದು ಜಾರಿ ತಂತಿ ತನ್ನ ಭಾರಕ್ಕೇ ಜೋಲುತ್ತದೆ. ಇದನ್ನು ತಡೆಯಲು ಅತ್ಯಲ್ಪ ಪೊಟ್ಯಾಸಿಯಂ ಸೇರಿಸುತ್ತಾರೆ. ಅದು ಸೂಕ್ಷ್ಮ ಗುಳ್ಳೆಗಳ ಸಾಲಾಗಿ ಉಳಿದು, ಕಣಗಳು ಉದ್ದುದ್ದವಾಗಿ ಒಂದಕ್ಕೊಂದು ಹೆಣೆದುಕೊಂಡು ಬೆಳೆಯುವಂತೆ ಮಾಡುತ್ತದೆ.

ಗಾಳಿಯಲ್ಲಿ ಕಾಯುವ ಕುಲುಮೆಗೆ ಒದಗುವುವು ತಮ್ಮ ಮೇಲೆ ತಾವೇ ರಕ್ಷಾಪದರ ಕಟ್ಟಿಕೊಳ್ಳುವ ಮಿಶ್ರಲೋಹಗಳು. 80 ಭಾಗ ನಿಕ್ಕಲ್, 20 ಭಾಗ ಕ್ರೋಮಿಯಂ ಇರುವ ನೈಕ್ರೋಮ್ ತಂತಿಯು ಸುಮಾರು 1200 ಡಿಗ್ರಿಯವರೆಗೆ ತಾಳುತ್ತದೆ. ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಬೆರೆತ ಕಂಥಾಲ್ ಜಾತಿಯ ಉತ್ತಮ ತಂತಿಗಳು 1400ರವರೆಗೂ ತಾಳುತ್ತವೆ. ಆದರೆ ಹೆಚ್ಚು ಶಾಖ ತಾಳುವ ಈ ಎರಡನೆಯದೇ ಕಾದಾಗ ಹೆಚ್ಚು ಮೆದುವಾಗಿ ಜೋಲುತ್ತದೆ. ಒಮ್ಮೆ ಚೆನ್ನಾಗಿ ಕಾದು ತಣಿದ ಮೇಲೆ ಪೆಡಸಾಗಿ, ಬಗ್ಗಿಸಿದರೆ ಮುರಿಯುತ್ತದೆ. ಆದಕಾರಣ ಅದನ್ನು ಪಿಂಗಾಣಿ ಕೊಳವೆಯ ಮೇಲೆ ಅಥವಾ ಇಟ್ಟಿಗೆಯ ಗಾಡಿಯೊಳಗೆ ಉದ್ದಕ್ಕೂ ಆಸರೆ ಕೊಟ್ಟು ಕೂರಿಸಬೇಕು. ಹಳೆಯ ಸುರುಳಿಯನ್ನು ಎಳೆದು ಸರಿಪಡಿಸಲು ಹೋಗಬಾರದು.

ತಂತಿ ಕೊಳ್ಳುವಾಗ ಮಾರಾಟಗಾರರನ್ನು ಮೂರು ಪ್ರಶ್ನೆ ಕೇಳುವುದು ಒಳಿತು: ಗಾಳಿಯಲ್ಲಿ ತಂತಿ ತಾಳುವ ಗರಿಷ್ಠ ಉಷ್ಣತೆ ಎಷ್ಟು? ಆ ಮಿತಿ ಈ ದಪ್ಪದ ತಂತಿಗೂ ಅನ್ವಯಿಸುತ್ತದೆಯೇ? ಆಸರೆ ಎಷ್ಟು ಅಂತರಕ್ಕೆ ಬೇಕು? ತೆಳು ತಂತಿಯು ದಪ್ಪ ತಂತಿಗಿಂತ ಬೇಗ ಸವೆಯುವುದರಿಂದ ಎರಡನೆಯ ಪ್ರಶ್ನೆಯನ್ನು ಮರೆಯಲಾಗದು. ಕರಗುವ ಉಷ್ಣತೆಯ ಅಂಕಿಗೆ ಮರುಳಾಗಿ ದುಬಾರಿ ಲೋಹ ಕೊಳ್ಳುವುದಕ್ಕಿಂತ ಈ ಉತ್ತರಗಳನ್ನು ಬಿಲ್ಲಿನೊಡನೆ ಬರೆಸಿಕೊಳ್ಳುವುದು ಹೆಚ್ಚು ಲಾಭದಾಯಕ.