ಸರಕಿನ ಜೊತೆಗೆ ಸೂಚನೆಯೂ ಸಾಗಲಿ
ತಾಂತ್ರಿಕ ಬರವಣಿಗೆಯ ಪ್ರವೇಶ ಸಂಕಿರಣಕ್ಕೊಂದು ರೂಪರೇಷೆ

ಸರಕು ಚೆನ್ನಾಗಿದ್ದರೆ ಮಾತು ಬೇಕಿಲ್ಲವೆಂಬುದು ವ್ಯಾಪಾರದ ಹಳೆಯ ನಂಬಿಕೆ. ಆದರೆ ರಾಯಚೂರಿನಲ್ಲಿ ಸಿಂಪರಣಾ ಯಂತ್ರ ಕೊಂಡ ದೇವದುರ್ಗದ ರೈತನ ಹೊಲದಲ್ಲಿ ಮಾರಾಟಗಾರನಿರುವುದಿಲ್ಲ. ಪೆಟ್ಟಿಗೆಯೊಳಗಿನ ಹಾಳೆಯೊಂದೇ ಇರುತ್ತದೆ. ಅದನ್ನು ತಿಳಿಯುವಂತೆ ಬರೆಯುವ ವಿದ್ಯೆಯೇ ತಾಂತ್ರಿಕ ಬರವಣಿಗೆ.

ಇದು ಕೇವಲ ಸೌಜನ್ಯದ ವಿಷಯವಲ್ಲ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು 2020ರ ಜುಲೈನಲ್ಲಿ ಜಾರಿಗೆ ಬಂದಿತು. ಸರಿಯಾದ ಬಳಕೆಯ ಸಾಕಷ್ಟು ಸೂಚನೆ ಅಥವಾ ತಪ್ಪು ಬಳಕೆಯ ಬಗ್ಗೆ ಎಚ್ಚರಿಕೆ ಇಲ್ಲದ ಸರಕಿನಿಂದ ಹಾನಿಯಾದರೆ, ಅದರ 84ನೇ ಕಲಮಿನಂತೆ ತಯಾರಕನು ಹೊಣೆಗಾರನಾಗುತ್ತಾನೆ. ತಯಾರಕನು ಕೊಟ್ಟ ಎಚ್ಚರಿಕೆಯನ್ನು ಗ್ರಾಹಕನಿಗೆ ತಲುಪಿಸದೆ, ಅದರಿಂದಲೇ ಹಾನಿಯಾದರೆ 86ನೇ ಕಲಮಿನಂತೆ ವರ್ತಕನನ್ನೂ ಹೊಣೆ ಮಾಡಬಹುದು. ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯಕ್ಕಾಗಿಯೇ ಯಂತ್ರ ಕೊಂಡವನೂ ಈ ಕಾನೂನಿನ ದೃಷ್ಟಿಯಲ್ಲಿ ಗ್ರಾಹಕನೇ. ಎಲ್ಲರಿಗೂ ತಿಳಿದ ಅಪಾಯಕ್ಕೆ ವಿನಾಯಿತಿಯುಂಟು. ಆದರೆ ತಯಾರಕನಿಗೆ ತಿಳಿದದ್ದೆಲ್ಲ ಕೊಂಡವನಿಗೂ ತಿಳಿದಿರುತ್ತದೆಂದು ಭಾವಿಸಲಾಗದು.

ಹತ್ತಿ ಬೆಳೆಯುವ ಈ ಸೀಮೆಗೆ ಕೀಟನಾಶಕದ ಡಬ್ಬಿಯೇ ಪಾಠ. 1971ರ ಕೀಟನಾಶಕ ನಿಯಮಗಳು ಹಿಂದಿ, ಇಂಗ್ಲಿಷ್‌ಗಳ ಜೊತೆಗೆ ಮಾರಾಟದ ಪ್ರದೇಶದ ಒಂದೆರಡು ಭಾಷೆಗಳಲ್ಲಿಯೂ ಸೂಚನೆಯನ್ನು ಕಡ್ಡಾಯಗೊಳಿಸಿದವು. ಓದಲಾರದವನಿಗೂ ಕೆಂಪು ತ್ರಿಕೋನವು ಕಡುವಿಷವೆಂದು ಸಾರುತ್ತದೆ.

ಸಂಕಿರಣದ ಯೋಜನೆ

ಹತ್ತಿಯ ಆವಕ, ಭತ್ತದ ಕೊಯ್ಲು ಮುಗಿದ ಬಳಿಕ ಒಂದು ದಿನ ಸಾಕು. ಮಾನ್ವಿ, ದೇವದುರ್ಗಗಳಿಂದ ಬಂದವರು ಸಂಜೆಗೆ ಊರು ಸೇರುವಂತೆ ವೇಳೆ ಗೊತ್ತುಪಡಿಸಬೇಕು. ಪ್ರತಿಯೊಬ್ಬರೂ ತಮ್ಮ ಸರಕಿನ ಲೇಬಲ್ ಹಾಗೂ ಸೂಚನಾ ಪತ್ರವನ್ನು ತರಬೇಕು. ಇಲ್ಲದವರು ಸರಕನ್ನೇ ತರಲಿ.

ಮೊದಲ ಗೋಷ್ಠಿಯಲ್ಲಿ ವಕೀಲರೊಬ್ಬರು ಕಾನೂನನ್ನು ವಿವರಿಸಲಿ. ಎರಡನೆಯದರಲ್ಲಿ ಇಂಜಿನಿಯರ್ ಹಾಗೂ ಕನ್ನಡ ಅಧ್ಯಾಪಕರು ಜೊತೆಗೂಡಿ ಪತ್ರಗಳನ್ನು ತಿದ್ದಿಸಲಿ. ಒಂದು ವಾಕ್ಯಕ್ಕೆ ಒಂದೇ ಕೆಲಸ. ಎಚ್ಚರಿಕೆಯು ಕೆಲಸಕ್ಕಿಂತ ಮೊದಲು. ‘ಸುರಕ್ಷಿತವಾಗಿ ಬಳಸತಕ್ಕದ್ದು’ ಎಂಬುದರಿಂದ ಯಾರಿಗೂ ಏನೂ ತಿಳಿಯದು. ‘ಮುಚ್ಚಳ ತೆಗೆಯುವ ಮೊದಲು ಸ್ವಿಚ್ ಆರಿಸಿ’ ಎಂದರೆ ಬೆರಳು ಉಳಿಯುತ್ತದೆ.

ಮೂರನೆಯ ಗೋಷ್ಠಿಯೇ ನಿಜವಾದ ಪರೀಕ್ಷೆ. ಯಂತ್ರದ ಪರಿಚಯವಿಲ್ಲದವರೊಬ್ಬರು ಹಾಳೆಯನ್ನು ಓದುತ್ತ, ವಿದ್ಯುತ್ ಸಂಪರ್ಕವಿಲ್ಲದೆ, ಹಂತಹಂತವಾಗಿ ಮಾಡಿ ತೋರಿಸಲಿ. ಬರೆದವರು ಬಾಯಿ ತೆರೆಯಕೂಡದು. ಓದುವವರು ಎಲ್ಲಿ ತಡವರಿಸುವರೋ ಅಲ್ಲಿಯೇ ಬರವಣಿಗೆಯ ದೋಷವಿದೆ.

ಲೆಕ್ಕದ ಮಾತು

ಸೂಚನಾ ಪತ್ರದ ಪ್ರತಿ ಆವೃತ್ತಿಯನ್ನು ದಿನಾಂಕ ಸಹಿತ ಕಡತದಲ್ಲಿಡುವುದು, ಅದು ತಲುಪಿದ ಬಗ್ಗೆ ಬಿಲ್ಲಿನ ಪ್ರತಿಯಲ್ಲಿ ಗ್ರಾಹಕನ ಸಹಿ ಪಡೆಯುವುದು ಉತ್ತಮ ಪದ್ಧತಿ. ಹಾಳೆಯ ಮುದ್ರಣವು ಪ್ಯಾಕಿಂಗ್ ಖರ್ಚಿನಲ್ಲಿ ಒಂದು ಸಾಲು ಮಾತ್ರ. ಪರಿಹಾರದ ಮೊತ್ತವು ವರ್ಷದ ಲಾಭವನ್ನೇ ನುಂಗಬಲ್ಲದು. ಗ್ರಾಹಕನ ಕೈ ಕಾಯುವ ಹಾಳೆಯು ಉದ್ಯಮಿಯ ಗಲ್ಲೆಯನ್ನೂ ಕಾಯುತ್ತದೆ.